ನೊರೆಯಿಲ್ಲದ ನೀರು
ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ‘ಗ್ರೇಟ್ ಓಷನ್ ರೋಡ್’, ಬೆನ್ನಿಗೆ ಚೀಲ ಏರಿಸಿ ಊರೂರು ಸುತ್ತುವ ತರುಣರಿಗೆ ಬಲು ಪ್ರಿಯ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರವರೆಗೆ ಗುದ್ದಲಿ, ಪಿಕಾಸಿ ಹಿಡಿದು ಕಡಿದ ಕಡಲದಾರಿಯಿದು. ಕೆನೆಟ್ ರಿವರ್ ಎಂಬ ಹಳ್ಳಿಯ ನೀಲಗಿರಿ ಮರಗಳಲ್ಲಿ ಕೋಆಲಾಗಳ ನಿದ್ದೆ. ಬೆಲ್ಸ್ ಬೀಚಿನಲ್ಲಿ ಹಲಗೆಯ ಮೇಲೆ ನಿಂತು ಅಲೆಯೇರುವ ಸರ್ಫಿಂಗ್.

ಆ ಅಲೆಗಳು ಹುಟ್ಟುವುದು ದೂರದ ದಕ್ಷಿಣ ಸಾಗರದ ಬಿರುಗಾಳಿಯಲ್ಲಿ. ದಡದ ಬಳಿ ಆಳ ಕಡಿಮೆಯಾದಂತೆ ಅಲೆಯ ವೇಗ ತಗ್ಗಿ, ಎತ್ತರ ಹೆಚ್ಚಿ, ತಲೆ ಮುಂದಕ್ಕೆ ಮಗುಚುತ್ತದೆ. ಹೀಗೆ ಬಂದುಬಿದ್ದ ನೀರು ಹಿಂದಿರುಗಬೇಕಲ್ಲ? ಮರಳುದಿಬ್ಬಗಳ ನಡುವಿನ ಆಳದ ಓಣಿ ಹಿಡಿದು ರಭಸದಿಂದ ಹೊರಗೋಡುತ್ತದೆ. ಇದೇ ‘ರಿಪ್’ ಪ್ರವಾಹ. ಅಲ್ಲಿ ಅಲೆ ಹೆಚ್ಚು ಒಡೆಯದು, ನೊರೆಯೂ ಕಡಿಮೆ. ‘ಇಲ್ಲೇ ವಾಸಿ’ ಎಂದು ಹೊಸಬರು ಇಳಿಯುವುದೂ ಅಲ್ಲಿಯೇ! ನಮ್ಮ ಗೋಕರ್ಣ, ಮಲ್ಪೆಯ ಕಡಲಿಗೂ ನಿಯಮ ಬೇರೆಯಲ್ಲ.

ಅತಿಥಿಗೆ ಊಟ, ಹಾಸಿಗೆ ಕೊಡುವ ಅಲ್ಲಿನವರು ಒಂದು ಎಚ್ಚರಿಕೆಯನ್ನೂ ಕೊಡುತ್ತಾರೆ: ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಈಜಿ. ಪ್ರವಾಹಕ್ಕೆ ಸಿಕ್ಕರೆ ಎದುರು ಈಜಬಾರದು. ಎಂಥ ಗಟ್ಟಿಗನೂ ದಣಿಯುತ್ತಾನೆ. ತೇಲುತ್ತಾ ಕೈಯೆತ್ತಿ ನೆರವು ಕೇಳಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ, ನೊರೆ ಕಾಣುವ ಕಡೆಗೆ ಸರಿಯಬೇಕು. ರಿಪ್ ಮನುಷ್ಯನನ್ನು ಹೊರಗೆ ಒಯ್ಯುತ್ತದೆ, ಕೆಳಗೆ ಎಳೆಯುವುದಿಲ್ಲ.