ಕಬ್ಬು ಮೇವು ಹೌದು, ಆದರೆ ಅರ್ಧ ಮೇವು

ಬರ ಬಂದಾಗಲೆಲ್ಲ ರೈತ ಬಾಂಧವರು ಕೇಳುವ ಪ್ರಶ್ನೆಯೊಂದಿದೆ: ಕೊಟ್ಟಿಗೆಯಲ್ಲಿ ಕಟ್ಟಿದ ರಾಸುಗಳಿಗೆ ಕಬ್ಬನ್ನೇ ಕತ್ತರಿಸಿ ಹಾಕಿದರೆ ಸಾಲದೇ? 2013 ಮತ್ತು 2019ರಲ್ಲಿ ನೆರೆಯ ಮಹಾರಾಷ್ಟ್ರದ ಜಾನುವಾರು ಶಿಬಿರಗಳಲ್ಲಿ ಕಬ್ಬೇ ಮುಖ್ಯ ಮೇವಾಗಿತ್ತು. ಅದರಿಂದ ರಾಸುಗಳ ಜೀವ ಉಳಿಯಬಹುದು. ಆದರೆ ಜೀವ ಉಳಿಯುವುದು ಬೇರೆ, ಮೈದುಂಬುವುದು ಬೇರೆ.

ನಾನು ಬೇಸಾಯಶಾಸ್ತ್ರದವನು, ಬೆಳೆಯ ಗುಣವನ್ನೇ ಮೊದಲು ಹೇಳುತ್ತೇನೆ. ನೇಪಿಯರ್ ಹುಲ್ಲು ಬಲಿತಷ್ಟೂ ಸತ್ವ ಕಳೆದುಕೊಳ್ಳುತ್ತದೆ. ಕಬ್ಬಿನಲ್ಲಿ ಬಲಿತಂತೆ ಸಕ್ಕರೆ ತುಂಬುತ್ತದೆ. ಬೇಸಿಗೆಯಲ್ಲಿ ಹೊಲದಲ್ಲೇ ನಿಂತಿರುವ ಕಣಜವದು. ಆದರೆ ಈ ಕಣಜದಲ್ಲಿ ಸಸಾರಜನಕವಿಲ್ಲ. ಒಣ ಅಂಶದ ಹೆಚ್ಚುಕಡಿಮೆ ಅರ್ಧ ಪಾಲು ಸಕ್ಕರೆಯಾದರೆ, ಸಸಾರಜನಕ ಶೇ. 2ರಿಂದ 4 ಮಾತ್ರ. ಕಾಕಂಬಿಯ ಕಥೆಯೂ ಅದೇ. ರಾಸಿನ ದೊಡ್ಡ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕೇ ಬೇಕು. ಅದು ಸಿಗದಿದ್ದರೆ ನಾರು ಕರಗದೆ ಹೊಟ್ಟೆಯಲ್ಲೇ ಉಳಿಯುತ್ತದೆ, ರಾಸು ಮೇವು ಕಡಿಮೆ ಮಾಡುತ್ತದೆ. ಗೋದಲಿ ತುಂಬ ಕಬ್ಬಿದ್ದರೂ ಅದು ಸೊರಗುವುದು ಇದರಿಂದಲೇ.

1965ರಲ್ಲಿ ಕ್ಯೂಬಾದಲ್ಲಿ ಸ್ಥಾಪನೆಯಾದ ಪ್ರಾಣಿವಿಜ್ಞಾನ ಸಂಸ್ಥೆಯಲ್ಲಿ ಟಿ. ಆರ್. ಪ್ರೆಸ್ಟನ್ ಮತ್ತು ಸಂಗಡಿಗರು ಮಾಂಸಕ್ಕಾಗಿ ಕಟ್ಟಿ ಸಾಕಿದ ಹೋರಿಗಳಿಗೆ ಕಾಕಂಬಿಯನ್ನೇ ಮುಖ್ಯ ಆಹಾರವಾಗಿ ಕೊಟ್ಟರು. ಶೇ. 3ರಷ್ಟು ಯೂರಿಯಾ ಕರಗಿಸಿದ ಕಾಕಂಬಿ ಬೇಕಾದಷ್ಟು, ಹಸಿರು ಮೇವು ಮಿತವಾಗಿ, ಜೊತೆಗೆ ಮೀನಿನ ಪುಡಿ. ಹೋರಿಗಳು ಚೆನ್ನಾಗಿ ಬೆಳೆದವು. ಆದರೆ ಹಸಿರು ಮೇವು ತಪ್ಪಿದಲ್ಲಿ ಕುಡಿದವರಂತೆ ತೂರಾಡಿದವು, ಕಣ್ಣು ಕಾಣದಾದವು. ಅಲ್ಲಿಯ ಜನ ಆ ರೋಗಕ್ಕೆ 'ಕುಡಿತದ ಅಮಲು' ಎಂಬ ಅರ್ಥದ ಹೆಸರನ್ನೇ ಇಟ್ಟರು. ಕಾಕಂಬಿಯ ಬಕೆಟ್ಟನ್ನೇ ರಾಸಿನ ಮುಂದಿಡುವ ಉತ್ಸಾಹಿಗಳು ಇದನ್ನು ನೆನಪಿಡಬೇಕು.

ಬ್ರೆಜಿಲಿನ ರೈತರ ಕ್ರಮ ನಮಗೆ ಹೆಚ್ಚು ಹತ್ತಿರದ್ದು. ಸೋಗೆ ಸಮೇತ ಸಣ್ಣಗೆ ಕತ್ತರಿಸಿದ 100 ಕಿಲೋ ಹಸಿ ಕಬ್ಬಿಗೆ 900 ಗ್ರಾಂ ಯೂರಿಯಾ, 100 ಗ್ರಾಂ ಅಮೋನಿಯಂ ಸಲ್ಫೇಟ್. ಎರಡನ್ನೂ 4 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಚಿಮುಕಿಸಿ, ಚೆನ್ನಾಗಿ ಬೆರೆಸುತ್ತಾರೆ. ಮೊದಲ ವಾರ ಇದರ ಅರ್ಧ ಪ್ರಮಾಣ ಮಾತ್ರ. ಕತ್ತರಿಸಿದ ಕಬ್ಬು ಬೇಗ ಹುಳಿಯುವುದರಿಂದ ಅಂದಂದೇ ತಿನ್ನಿಸಬೇಕು.

ಇಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಹಿಂಡಿಯ ದುಡ್ಡು ಉಳಿಸಲೆಂದು ಕಬ್ಬು ಹಾಕುವುದಾದರೆ ಹಾಕಲೇಬೇಡಿ. ಕಬ್ಬು ಹುಲ್ಲಿನ ಜಾಗಕ್ಕೆ ಬರಬಹುದು, ಹಿಂಡಿಯ ಜಾಗಕ್ಕಲ್ಲ. ಯೂರಿಯಾ ಬರೀ ಸೂಕ್ಷ್ಮಜೀವಿಗಳ ಊಟ. ಬೆಳೆಯುವ ಕಡಸಿಗೆ, ಹಾಲು ಕೊಡುವ ಹಸುವಿಗೆ ಅದೊಂದೇ ಸಾಲದು. ಶೇಂಗಾ ಹಿಂಡಿಯೋ ಹತ್ತಿಕಾಳಿನ ಹಿಂಡಿಯೋ ಇರಲೇಬೇಕು. ಹಿಂಡಿ ತುಟ್ಟಿಯಾದರೆ ಬದುವಿನ ಮೇಲಿನ ಅಗಸೆ, ಸುಬಾಬುಲ್ ಸೊಪ್ಪು ಸ್ವಲ್ಪಮಟ್ಟಿಗೆ ಆಸರೆಯಾಗುತ್ತವೆ. ಬರೀ ಸೋಗೆಯನ್ನೇ ತಿಂಗಳುಗಟ್ಟಲೆ ತಿನ್ನಿಸುವವರು ಖನಿಜ ಮಿಶ್ರಣವನ್ನು ಮರೆಯಬಾರದು. ಸೋಗೆಯಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ರಾಸಿಗೆ ದಕ್ಕಗೊಡುವುದಿಲ್ಲ.

ಯೂರಿಯಾ ಎಂದೊಡನೆ ವಿಷವೆಂದು ಹೆದರುವವರಿದ್ದಾರೆ. ಆ ಹೆದರಿಕೆ ಪೂರ್ತಿ ಸುಳ್ಳಲ್ಲ. ಆರು ತಿಂಗಳೊಳಗಿನ ಕರುಗಳಿಗೂ ಹಸಿದು ಬಂದ ರಾಸಿಗೂ ಇದನ್ನು ಕೊಡಬಾರದು. ಅಳತೆಯನ್ನು ಕಣ್ಣಂದಾಜಿಗೆ ಬಿಡದೆ ತಕ್ಕಡಿಯಲ್ಲೇ ತೂಗಿರಿ. ಗೋದಲಿಗೆ ಮೇಲೊಂದು ಮಾಡು, ತಳದಲ್ಲೊಂದು ತೂತು ಇರಲಿ: ಮಳೆನೀರು ನಿಂತರೆ ಯೂರಿಯಾ ಅದರಲ್ಲಿ ಕರಗಿ ಸೇರಿಕೊಳ್ಳುತ್ತದೆ, ಬಾಯಾರಿದ ರಾಸು ಮೊದಲು ಕುಡಿಯುವುದು ಆ ನೀರನ್ನೇ.