ಮಾಸು ಕಸವಲ್ಲ

ಹೆರಿಗೆಯಾದ ಮೇಲೆ ಕೂಸಿನ ಹಿಂದೆ ಹೊರಬೀಳುವ ಮಾಸಿಗೆ ನಮ್ಮ ಕಡೆ ‘ಕಸ’ ಅಂತಾರೆ. ‘ಕಸ ಬಿತ್ತಾ?’ ಅಂತ ಕೇಳ್ತಾರೆ. ಒಂಬತ್ತು ತಿಂಗಳು ಕೂಸಿಗೆ ಅನ್ನ ಕೊಟ್ಟ, ಉಸಿರು ಕೊಟ್ಟ, ಅದರ ಹೊಲಸನ್ನು ಹೊತ್ತು ಹಾಕಿದ ಅಂಗ, ಕೆಲಸ ಮುಗಿದ ಕೂಡಲೇ ಕಸ. ಈ ದೇಶಕ್ಕೆ ಈ ಲೆಕ್ಕ ಹೊಸದಲ್ಲ. ಅನ್ನ ಬೆಳೆದವರನ್ನು, ಹೊಲಸು ಹೊತ್ತವರನ್ನು ಅದು ಹೀಗೇ ಕರೆಯುತ್ತಾ ಬಂದಿದೆ. ಮೈಲಿಗೆಯೆಂದು ದೂರ ನಿಂತವರು ಆ ಕಸವನ್ನು ಎತ್ತಲು ನಮ್ಮ ಅಜ್ಜಿಯರನ್ನೇ ಕರೆದರು. ಎತ್ತಿದ ಮೇಲೆ ಒಂದು ಮೊರ ಅಕ್ಕಿ ಕೊಟ್ಟು ಹಿತ್ತಲ ಬಾಗಿಲಿಂದ ಕಳಿಸಿದರು.

ನಾವು ಈಗ ಆ ಕಸದ ಮಾತನ್ನೇ ಎತ್ತಿಕೊಂಡಿದ್ದೇವೆ. ಇದು ಡಾಕ್ಟರುಗಳ ಮಾತು, ಪದ್ಯ ಬರೆಯುವವರಿಗೆ ಇಲ್ಲೇನು ಕೆಲಸ ಅನ್ನುವವರು ಅನ್ನಲಿ. ಹೊಟ್ಟೆಯ ಮಾತು ಎಲ್ಲಿದೆಯೋ ಅಲ್ಲಿ ನಮಗೆ ಕೆಲಸವಿದೆ.

ಗರ್ಭ ಕಟ್ಟಿದ ಆರೇಳು ದಿನಕ್ಕೆ ಭ್ರೂಣ ಗರ್ಭಕೋಶದ ಗೋಡೆಗೆ ಕಚ್ಚಿಕೊಳ್ಳುತ್ತದೆ. ಮಾಸಿನ ಜೀವಕೋಶಗಳು ಬೇರು ಬಿಟ್ಟ ಹಾಗೆ ಗೋಡೆಯೊಳಕ್ಕೆ ಇಳಿಯುತ್ತವೆ. ತಾಯಿಯ ಸಣ್ಣ ರಕ್ತನಾಳಗಳನ್ನು ಅಗಲ ಮಾಡಿ ಕಾಲುವೆಯ ಹಾಗೆ ತಿದ್ದುತ್ತವೆ. ಮೊದಲ ಹತ್ತು ಹನ್ನೆರಡು ವಾರ ಆ ಕಾಲುವೆಗೆ ನೀರು ಬಿಟ್ಟಿರುವುದಿಲ್ಲ. ಗರ್ಭಕೋಶದ ಗ್ರಂಥಿಗಳು ಒಸರುವ ರಸವೇ ಭ್ರೂಣದ ಊಟ. ಆಮೇಲೆ ತಾಯಿಯ ರಕ್ತ ಹರಿಯತೊಡಗುತ್ತದೆ. ಕಾಲುವೆ ಕಿರಿದಾಗಿದ್ದರೆ ಮುಂದೆ ಕೂಸು ಸೊರಗಬಹುದು, ತಾಯಿಗೆ ಬಿ.ಪಿ. ಏರಿ ಜೀವಕ್ಕೇ ಬರಬಹುದು. ಕೂಸಿನ ಮಿದುಳು, ಬೆನ್ನುಹುರಿಯಾಗುವ ನಾಳ ಮುಚ್ಚುವುದೂ ಗರ್ಭ ಕಟ್ಟಿದ ಸುಮಾರು 28 ದಿನಕ್ಕೆ. ಅಂದರೆ ಮುಟ್ಟು ತಪ್ಪಿ ಎರಡು ವಾರಕ್ಕೆ ಆ ಕೆಲಸ ಮುಗಿದೇ ಹೋಗಿರುತ್ತದೆ. ಅದಕ್ಕೆ ಬೇಕಾದ ಫೋಲಿಕ್ ಆಮ್ಲ ಅಷ್ಟರೊಳಗೆ ತಾಯಿಯ ಮೈಯಲ್ಲಿರಬೇಕು. ಎಲ್ಲಕ್ಕೂ ಊಟವೊಂದೇ ಕಾರಣ ಅಂತ ನಾವು ಹೇಳುತ್ತಿಲ್ಲ. ಆದರೆ ಅಡಿಪಾಯದ ಹೊತ್ತಿನಲ್ಲಿ ಕಲ್ಲು ಗಾರೆ ಕೊಡದವರು, ಗೋಡೆ ಬಿರಿದಾಗ ಕಟ್ಟಿದವಳನ್ನು ಬಯ್ಯಬಾರದು.

ಇದಕ್ಕೊಂದು ಸಾಕ್ಷಿ ಹಾಲೆಂಡಿನಲ್ಲಿದೆ. 1944-45ರ ಚಳಿಗಾಲದಲ್ಲಿ ಜರ್ಮನ್ ಸೈನ್ಯ ಅಲ್ಲಿನ ಪಶ್ಚಿಮದ ಊರುಗಳಿಗೆ ಆಹಾರ ತಡೆಯಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಒಬ್ಬರ ರೇಷನ್ನು ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗಿಳಿಯಿತು. ಆಗ ಬಸುರಿಯರಾಗಿದ್ದವರ ಮಕ್ಕಳನ್ನು ಬೆಳೆದ ಮೇಲೆ ಪರೀಕ್ಷಿಸಿದರು. ಕೊನೆಯ ತಿಂಗಳಲ್ಲಿ ಹಸಿದವರ ಕೂಸುಗಳು ತೂಕ ಕಡಿಮೆಯಾಗಿ ಹುಟ್ಟಿದ್ದವು. ಮೊದಲ ತಿಂಗಳಲ್ಲಿ ಹಸಿದು ಆಮೇಲೆ ಉಂಡವರ ಕೂಸುಗಳ ತೂಕ ಸರಿಯಾಗೇ ಇತ್ತು. ಆದರೆ ಐವತ್ತರ ಹೊತ್ತಿಗೆ ಹೃದಯದ ಕಾಯಿಲೆ ಹೆಚ್ಚಾಗಿ ಕಂಡದ್ದು ಅವರಲ್ಲೇ. ತಕ್ಕಡಿ ಮುಚ್ಚಿಟ್ಟದ್ದನ್ನು ಎದೆ ಬಿಚ್ಚಿ ಹೇಳಿತು.

ಹಾಲೆಂಡಿಗೆ ಹಸಿವು ಬಂದದ್ದು ಒಂದು ಚಳಿಗಾಲ. ನಮ್ಮ ಕೇರಿಗೆ?

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಕೂಸುಗಳ ತೂಕ ಬರೆದಿಟ್ಟಿತ್ತು. ಆ ಕೂಸುಗಳು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಣ್ಣದಾಗಿ ಹುಟ್ಟಿದವರಲ್ಲಿ, ತೂಕವಿಲ್ಲದ ತಾಯಂದಿರಿಗೆ ಹುಟ್ಟಿದವರಲ್ಲಿ, 45 ದಾಟಿದ ಮೇಲೆ ಹೃದಯದ ಕಾಯಿಲೆ ಹೆಚ್ಚು. ಇನ್ನು ಮುಂಬಯಿಯ ಕೊಳೆಗೇರಿಗಳ ಹೆಂಗಸರಿಗೆ ದಿನಾ ಸೊಪ್ಪು, ಹಣ್ಣು, ಹಾಲು ಸೇರಿಸಿದ ತಿಂಡಿ ಕೊಟ್ಟು ನೋಡಿದರು. 2014ರಲ್ಲಿ ಹೊರಬಂದ ಲೆಕ್ಕ ಹೀಗಿದೆ: ಎಲ್ಲರನ್ನೂ ಒಟ್ಟಿಗೆ ನೋಡಿದರೆ ಕೂಸಿನ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಬಸುರಾಗುವುದಕ್ಕೆ ಮೂರು ತಿಂಗಳಾದರೂ ಮುಂಚೆ ತಿನ್ನಲು ಶುರುಮಾಡಿದವರಲ್ಲಿ ತೂಕ ಏರಿತ್ತು. ತಡವಾಗಿ ಬಂದ ತಟ್ಟೆ ತಡವಾಗಿಯೇ ಬಂತು.

ಈಗ ನಮ್ಮ ಊರಿನ ಪದ್ಧತಿ ನೋಡಿ. ಮೊದಲ ಮೂರು ತಿಂಗಳು ಬಸುರನ್ನು ಬಾಯಿ ಬಿಟ್ಟು ಹೇಳಬಾರದು, ದೃಷ್ಟಿಯಾಗುತ್ತೆ. ಹೇಳದಿದ್ದರೆ ಕಳೆ ಕೀಳುವ ಕೂಲಿಗೂ ರಜಾ ಇಲ್ಲ, ತಟ್ಟೆಗೂ ಒಂದು ತುತ್ತು ಹೆಚ್ಚಿಲ್ಲ. ವಾಂತಿ ಮಾಡಿಕೊಂಡೇ ಬಗ್ಗುತ್ತಾಳೆ. ಒಂದು ಲೋಟ ಟೀ ಕುಡಿದು ಹಸಿವು ಮುರಿಯುತ್ತಾಳೆ. ಊಟದ ಜೊತೆ ಕುಡಿದ ಆ ಟೀ, ಸೊಪ್ಪುಸದೆಯಲ್ಲಿದ್ದ ಚೂರುಪಾರು ಕಬ್ಬಿಣವನ್ನೂ ಮೈಗೆ ಹತ್ತಗೊಡುವುದಿಲ್ಲ. ಹೊಲದ ಬದುವಿನಲ್ಲಿ ಸಿಗುತ್ತಿದ್ದ ಬೆರಕೆ ಸೊಪ್ಪಿಗೆ ಗೌಡರು ಕಳೆನಾಶಕ ಹೊಡೆಸಿದ್ದಾರೆ. ಏಳನೇ ತಿಂಗಳಿಗೆ ಸೀಮಂತ! ಹಸಿರು ಬಳೆ, ಹೂವು, ಐದು ಬಗೆ ಚಿತ್ರಾನ್ನ. ಮಾಸು ಕಟ್ಟಿ ಮುಗಿದ ಮೇಲೆ ಹಬ್ಬ.

ಸರ್ಕಾರದ ಸೀಮಂತವೂ ಹೀಗೇ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಬಂತು. ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿಯೂಟ, ಮೊಟ್ಟೆ, ಹಾಲು, ಚಿಕ್ಕಿ. ಒಳ್ಳೇದೇ, ಬೇಡ ಅನ್ನಲು ನಮಗೆ ಹುಚ್ಚಿಲ್ಲ. ಆದರೆ ಹೆಸರು ಬರೆಸಬೇಕಾದರೆ ಮೊದಲು ಬಸುರಿ ಅಂತ ಗೊತ್ತಾಗಬೇಕು. ಗೊತ್ತಾಗಿ ಹೆಸರು ಬರೆಸುವ ಹೊತ್ತಿಗೆ ಅಡಿಪಾಯ ಬಿದ್ದಾಗಿದೆ. ಮಧ್ಯಾಹ್ನ ಅಂಗನವಾಡಿಗೆ ಬರಬೇಕಾದರೆ ಅರ್ಧ ದಿನದ ಕೂಲಿ ಬಿಡಬೇಕು. ಆ ಅರ್ಧ ಕೂಲಿ ಯಾರು ಕೊಡುತ್ತಾರೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ನೂರು ಬಸುರಿಯರಲ್ಲಿ 52 ಮಂದಿಗೆ ರಕ್ತಹೀನತೆ. ಬಸುರಾದ ಮೇಲೆ ಹುಟ್ಟಿದ ಹಸಿವಲ್ಲ ಇದು. ಹುಡುಗಿಯಾಗಿದ್ದಾಗಿನಿಂದ ಬಂದದ್ದು.

ಆ ಹುಡುಗಿಗೆ ಒಂದು ಮೊಟ್ಟೆ ಕೊಡಲು ಹೋದರೆ ಏನಾಯಿತು? 2021ರ ಡಿಸೆಂಬರಿನಲ್ಲಿ ಬೀದರ, ರಾಯಚೂರು, ಯಾದಗಿರಿ ಕಡೆಯ ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ಬೀದಿಗಿಳಿದರು. ಅದೇ ವರ್ಷ ಜಾನುವಾರು ಹತ್ಯೆ ತಡೆಯುವ ಹೊಸ ಕಾನೂನು ಜಾರಿಗೆ ಬಂತು. ಕೇರಿಗೆ ಕೈಗೆಟಕುತ್ತಿದ್ದ ಬಾಡು ಕಳ್ಳಮಾಲಾಯಿತು. ಕೇಂದ್ರದ ಆಯುಷ್ ಸಚಿವಾಲಯದ ಪರಿಷತ್ತೊಂದು 2017ರಲ್ಲಿ ಬಸುರಿಯರಿಗೆ ಪುಸ್ತಿಕೆ ಹಂಚಿ, ಮೊಟ್ಟೆ ಮಾಂಸ ಬಿಡಿ, ಕಾಮ ಕ್ರೋಧ ಬಿಡಿ ಎಂದು ಬೋಧಿಸಿತು. ಬಿ-12 ಜೀವಸತ್ವ ಗಿಡದಲ್ಲಿ ಹುಟ್ಟುವುದಿಲ್ಲ. ಹಾಲು, ಮೊಟ್ಟೆ, ಮೀನು, ಬಾಡಿನಲ್ಲಿದೆ. ಬಾಡಿನ ಕಬ್ಬಿಣ ಸೊಪ್ಪಿನ ಕಬ್ಬಿಣಕ್ಕಿಂತ ಬೇಗ ರಕ್ತಕ್ಕೆ ಸೇರುತ್ತದೆ. ತುಪ್ಪ, ಬಾದಾಮಿ, ಕೆನೆಹಾಲು ಮೂರು ಹೊತ್ತು ಇದ್ದವರು ಮೊಟ್ಟೆ ಬಿಡಬಹುದು. ಇರುವುದು ಮುದ್ದೆ ಮತ್ತು ನೀರು ಸಾರು ಅನ್ನುವವಳಿಗೆ ಮೊಟ್ಟೆ ಬಿಡು ಅನ್ನುವುದು ಧರ್ಮವಲ್ಲ, ಕಳ್ಳತನ. ಅದೂ ಇನ್ನೂ ಹುಟ್ಟದ ಕೂಸಿನ ಬಾಯಿಂದ.

1928ರಲ್ಲೇ ಬಾಬಾಸಾಹೇಬರು ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆಯ ಪರವಾಗಿ ಮಾತಾಡಿದರು. ಹೆರಿಗೆಗೆ ಮುಂಚೆಯೂ ಆಮೇಲೆಯೂ ತಾಯಿಗೆ ಬಿಡುವು ಸಿಗುವುದು ದೇಶದ ಹಿತ, ಅದರ ಖರ್ಚು ಅವಳೊಬ್ಬಳ ತಲೆ ಮೇಲೆ ಬೀಳಬಾರದು ಅಂದರು. ಅವರು ಕೇಳಿದ್ದು ದಯೆ ಅಲ್ಲ, ಲೆಕ್ಕ. ನಾವೂ ಲೆಕ್ಕವನ್ನೇ ಕೇಳುತ್ತೇವೆ.

ಬಸುರಿ ಎಂಬ ಚೀಟಿ ತೋರಿಸಿದ ಮೇಲೆ ಅಲ್ಲ, ಹತ್ತನೇ ಕ್ಲಾಸಿನ ಹುಡುಗಿಯಿಂದಲೇ ಮೊಟ್ಟೆ, ಹಾಲು, ಸೊಪ್ಪು, ಕಾಳು ಬರಲಿ. ಮದುವೆಯಾದವಳಿಗೆ ಫೋಲಿಕ್ ಮಾತ್ರೆ ಮೊದಲೇ ಮನೆ ಬಾಗಿಲಿಗೆ ಬರಲಿ. ಮೊದಲ ಮೂರು ತಿಂಗಳ ಬಿಡುವಿಗೆ ಕೂಲಿ ಕೊಡಿ. ಉಣ್ಣುವವಳ ತಟ್ಟೆಯಲ್ಲಿ ಏನಿರಬೇಕೆಂದು ಹೇಳಲು ಮಠಕ್ಕೆ ಬಾಯಿಲ್ಲ.

ಕೇರಿಯ ಅಣ್ಣಂದಿರೇ, ನಿಮಗೂ ಒಂದು ಮಾತಿದೆ. ಸಭೆಯಲ್ಲಿ ಸಮಾನತೆ ಅಂದು ಮನೆಗೆ ಹೋಗಿ ಬಾಡಿನ ತುಂಡೆಲ್ಲ ನೀವೇ ಉಂಡು, ತಳದ ಸಾರನ್ನು ಅವಳಿಗೆ ಬಿಡುವುದು ಯಾವ ಕ್ರಾಂತಿ? ಅವಳು ಏನನ್ನೂ ಬಾಯಿ ಬಿಟ್ಟು ಹೇಳದ ಆ ಮೂರು ತಿಂಗಳಲ್ಲೇ ಕೂಸಿನ ಎಪ್ಪತ್ತು ವರ್ಷದ ಆಯುಸ್ಸಿಗೆ ಬೇರು ಇಳಿಯುತ್ತಿರುತ್ತದೆ. ಅವಳ ತಟ್ಟೆಗೆ ಮೊದಲು ಬಡಿಸಿ. ಉಳಿದ ಮಾತು ಆಮೇಲೆ ಆಡೋಣ.