ಹೊಲದ ರಾಗಿ ಶಾಲೆಯ ಲೋಟಕ್ಕೆ ಬರಲು ಏನು ಅಡ್ಡಿ?

ಆಂಧ್ರಪ್ರದೇಶದ ಸರ್ಕಾರಿ ಶಾಲೆಗಳಲ್ಲಿ ರಾಗಿ ಗಂಜಿ ಕೊಡುವುದು ಶುರುವಾದದ್ದು 2023ರ ಮಾರ್ಚ್‌ನಲ್ಲಿ. ವಾರಕ್ಕೆ ಮೂರು ದಿನ ಗಂಜಿ, ಉಳಿದ ಮೂರು ದಿನ ಶೇಂಗಾ ಚಿಕ್ಕಿ ಎಂದು ಆಗ ಗೊತ್ತುಮಾಡಲಾಯಿತು. ರಾಯದುರ್ಗ, ಮಡಕಶಿರಾ ಭಾಗದ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗೂ ಇದೇ ಪಟ್ಟಿ. ಪೋಷಕರಾದ ನಿಮಗೆ ಇದರಲ್ಲಿ ಒಂದು ವಿಚಿತ್ರ ಕಾಣಿಸಿರಬೇಕು. ಮಡಕಶಿರಾ, ಅಗಳಿ, ರೊಳ್ಳದ ಕೆಂಪು ನೆಲದಲ್ಲಿ ನೀವು ಬೆಳೆಯುವುದು ರಾಗಿ. ರಾಯದುರ್ಗದವರು ಶೇಂಗಾ ಎನ್ನುವ, ಮಡಕಶಿರಾದವರು ಕಡಲೆಕಾಯಿ ಎನ್ನುವ ಬೆಳೆಗೆ ಇಡೀ ದೇಶದಲ್ಲಿ ಹೆಸರಾದದ್ದು ಅನಂತಪುರ ಸೀಮೆ. ಆದರೂ ನಿಮ್ಮ ಹೊಲದ ಕಾಳು ನಿಮ್ಮ ಮಗುವಿನ ಲೋಟಕ್ಕೋ ತಟ್ಟೆಗೋ ಸೇರುವ ನೇರ ದಾರಿ ಇಲ್ಲ. ಕಾಳು ಮಂಡಿಗೆ ಹೋಗುತ್ತದೆ, ಹಿಟ್ಟು ಇನ್ನೆಲ್ಲಿಂದಲೋ ಬರುತ್ತದೆ.

ಸರ್ಕಾರ ಸ್ಥಳೀಯ ಬೆಳೆಯನ್ನೇ ಕೊಳ್ಳಬೇಕು ಎಂಬ ಮಾತು ಹೊಸದಲ್ಲ. 2021ರಲ್ಲಿ ಬಿಸಿಯೂಟ ಯೋಜನೆಗೆ ಪಿಎಂ ಪೋಷಣ್ ಎಂದು ಹೆಸರಿಟ್ಟಾಗ, ರೈತ ಉತ್ಪಾದಕ ಸಂಸ್ಥೆಗಳನ್ನೂ ಮಹಿಳಾ ಸ್ವಸಹಾಯ ಸಂಘಗಳನ್ನೂ ಇದರಲ್ಲಿ ಸೇರಿಸಿಕೊಳ್ಳಬೇಕು, ಸ್ಥಳೀಯ ಆಹಾರಕ್ಕೆ ಉತ್ತೇಜನ ಕೊಡಬೇಕು ಎಂದು ಕೇಂದ್ರ ಸರ್ಕಾರವೇ ಹೇಳಿತು. ಅಂದರೆ ನಿಯಮ ಅಡ್ಡ ಬರುತ್ತಿಲ್ಲ. ಅಡ್ಡಿ ಇರುವುದು ಹಣ ಯಾವಾಗ ಕೈಗೆ ಬರುತ್ತದೆ ಎಂಬಲ್ಲಿ ಮತ್ತು ಖರೀದಿಯನ್ನು ಯಾರು, ಎಷ್ಟು ದೊಡ್ಡ ಗಂಟಾಗಿ ಮಾಡುತ್ತಾರೆ ಎಂಬಲ್ಲಿ. ಈ ಎರಡರ ಬಗ್ಗೆಯೂ ಪೋಷಕರು ಕೇಳಬಹುದಾದ್ದು ಸಾಕಷ್ಟಿದೆ.

ಯಾವುದು ಎಲ್ಲಿಂದ ಬರುತ್ತದೆ

ಶಾಲೆಯ ಊಟವನ್ನು ಮೂರು ಭಾಗ ಮಾಡಿ ನೋಡಿ. ಅಕ್ಕಿ ಸರ್ಕಾರದ ಗೋದಾಮಿನಿಂದ ಬರುತ್ತದೆ. 2025ರ ಜೂನ್‌ನಿಂದ ರಾಜ್ಯ ಸರ್ಕಾರ ಸಣ್ಣಕ್ಕಿ ಕೊಡುತ್ತಿದೆ. ಮೊಟ್ಟೆ ಮತ್ತು ಚಿಕ್ಕಿಯನ್ನು ಟೆಂಡರ್ ಪಡೆದ ಸರಬರಾಜುದಾರರು ಶಾಲೆಗೆ ತಲುಪಿಸುತ್ತಾರೆ. ರಾಗಿ ಗಂಜಿಯ ಯೋಜನೆ ಆರಂಭವಾದದ್ದು ಪುಟ್ಟಪರ್ತಿಯ ಸತ್ಯಸಾಯಿ ಟ್ರಸ್ಟ್ ಜೊತೆಗಿನ ಒಪ್ಪಂದದಿಂದ. ಈ ಪದಾರ್ಥಗಳ ಖರೀದಿಯಲ್ಲಿ ನಿಮ್ಮ ಊರಿಗೆ ಪಾತ್ರವಿಲ್ಲ.

ಮೂರನೆಯ ಭಾಗದಲ್ಲಿ ಬೇಳೆ, ತರಕಾರಿ, ಎಣ್ಣೆ, ಸಾಂಬಾರ ಪದಾರ್ಥಗಳಿವೆ. ಇವನ್ನು ಕೊಳ್ಳುವವರು ಶಾಲೆಯಲ್ಲಿ ಅಡುಗೆ ಮಾಡುವ ಏಜೆನ್ಸಿಯವರು, ಅಂದರೆ ಬಹುಪಾಲು ನಿಮ್ಮ ಊರಿನ ಡ್ವಾಕ್ರಾ ಸಂಘದ ಹೆಣ್ಣುಮಕ್ಕಳೇ. ಇದಕ್ಕಾಗಿ ಕೇಂದ್ರ ನಿಗದಿ ಮಾಡಿದ ಸಾಮಗ್ರಿ ವೆಚ್ಚ 2025ರ ಮೇ 1ರಿಂದ ಪ್ರಾಥಮಿಕ ಶಾಲೆಯ ಒಂದು ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ, ಹಿರಿಯ ಪ್ರಾಥಮಿಕಕ್ಕೆ 10 ರೂಪಾಯಿ 17 ಪೈಸೆ. ಪ್ರಾಥಮಿಕ ಮಗುವಿನ ತಟ್ಟೆಯಲ್ಲಿ 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಇರಬೇಕು. ಹಿರಿಯ ಪ್ರಾಥಮಿಕದಲ್ಲಿ ಇದು 30, 75 ಮತ್ತು 7.5 ಗ್ರಾಂ.

60 ಮಕ್ಕಳಿರುವ ಒಂದು ಪ್ರಾಥಮಿಕ ಶಾಲೆಯ ಲೆಕ್ಕ ಹಾಕೋಣ. ದಿನಕ್ಕೆ 1.2 ಕಿಲೋ ಬೇಳೆ, 3 ಕಿಲೋ ತರಕಾರಿ ಬೇಕು. ವರ್ಷಕ್ಕೆ 220 ದಿನ ಶಾಲೆ ನಡೆದರೆ 264 ಕಿಲೋ ಬೇಳೆ, 660 ಕಿಲೋ ತರಕಾರಿ. ಕೇಂದ್ರದ ದರದಲ್ಲೇ ಇದು ವರ್ಷಕ್ಕೆ ಸುಮಾರು 89,500 ರೂಪಾಯಿಯ ವ್ಯವಹಾರ. ಆ ಬೇಳೆಗೆ ಬೇಕಾಗುವ ತೊಗರಿ ನಾಲ್ಕು ಕ್ವಿಂಟಲ್‌ಗೆ ಹತ್ತಿರ. ಕಡಲೆಕಾಯಿ ಹೊಲದ ಅಕ್ಕಡಿ ಸಾಲಿನಲ್ಲಿ ತೊಗರಿ ಬಿತ್ತುವ ಒಂದೆರಡು ಮನೆಗಳು ಇದನ್ನು ಪೂರೈಸಬಲ್ಲವು.

ಈ ಲೆಕ್ಕದಿಂದ ಒಂದು ಮಾತು ಸ್ಪಷ್ಟ. ಶಾಲೆಯ ಊಟ ತಾಲ್ಲೂಕಿನ ರೈತರನ್ನೆಲ್ಲ ಉದ್ಧಾರ ಮಾಡುವಷ್ಟು ದೊಡ್ಡ ಮಾರುಕಟ್ಟೆಯಲ್ಲ. ಆದರೆ ಊರಿನ ಎರಡು ಮೂರು ಸಣ್ಣ ಹಿಡುವಳಿಗೆ ಅದು ನಂಬಿಕೆಯ ಗಿರಾಕಿ ಆಗಬಲ್ಲದು. ಮಕ್ಕಳ ಸಂಖ್ಯೆ ಕಡಿಮೆ ಎಂಬುದು ಗಡಿಯ ಕನ್ನಡ ಶಾಲೆಗಳ ನಿತ್ಯದ ಚಿಂತೆ. ಈ ಒಂದು ವಿಷಯದಲ್ಲಿ ಮಾತ್ರ ಅದೇ ಅನುಕೂಲ. ದಿನಕ್ಕೆ ಮೂರು ಕಿಲೋ ತರಕಾರಿಗೆ ದೊಡ್ಡ ಗುತ್ತಿಗೆದಾರ ಬೇಕಿಲ್ಲ.

ಅಂಗಡಿಯವನು ಸಾಲ ಕೊಡುತ್ತಾನೆ, ರೈತ ಕೊಡಲಾರ

ಹಾಗಾದರೆ ಅಡುಗೆಯವರು ಪಕ್ಕದ ಹೊಲದಿಂದ ಯಾಕೆ ಕೊಳ್ಳುವುದಿಲ್ಲ? ಹಣ ಬರುವ ರೀತಿ ನೋಡಿದರೆ ಉತ್ತರ ಸಿಗುತ್ತದೆ. ಸಾಮಾನು ಮೊದಲು ತರಬೇಕು, ಬಿಲ್ಲು ಆಮೇಲೆ ಆಗುತ್ತದೆ. ಬಿಲ್ಲು ತಿಂಗಳುಗಟ್ಟಲೆ ಬಾಕಿ ಉಳಿಯುತ್ತದೆ ಎಂದು ಬಿಸಿಯೂಟ ಕಾರ್ಮಿಕರ ಸಂಘಟನೆಗಳು ಮತ್ತೆ ಮತ್ತೆ ಧರಣಿ ಕೂತಿವೆ. ಅಡುಗೆಯವರ ಗೌರವಧನ ತಿಂಗಳಿಗೆ 3,000 ರೂಪಾಯಿ. ಅಷ್ಟರಲ್ಲಿ ಕೈಯಿಂದ ಹಣ ಹಾಕಿ ಶಾಲೆ ನಡೆಸಲು ಅವರಿಗೆ ಎಲ್ಲಿ ಸಾಧ್ಯ? ಹಾಗಾಗಿ ಉದ್ರಿ ಕೊಡುವ ಕಿರಾಣಿ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ಮೂರು ತಿಂಗಳು ಕಾಯಬಲ್ಲ, ಕಾಯುವುದಕ್ಕೆ ತಕ್ಕ ಬೆಲೆಯನ್ನೂ ಹಾಕಬಲ್ಲ. ಬದನೆ, ಟೊಮೆಟೊ ಕಿತ್ತ ರೈತನಿಗೆ ಅಂದೇ ಸಂಜೆ ದುಡ್ಡು ಬೇಕು. ತೊಗರಿ ಬೆಳೆದವನಿಗೆ ಬಿತ್ತನೆಯ ಸಾಲ ತೀರಿಸಬೇಕು.

ಇದರಿಂದ ಮಗುವಿನ ತಟ್ಟೆಗೂ ನಷ್ಟವಿದೆ. ಉದ್ರಿ ತಂದವರು ಬೇಳೆಯ ಗುಣ ನೋಡಿ ಆರಿಸುವ ಹಾಗಿಲ್ಲ, ಕೊಟ್ಟದ್ದನ್ನು ತರಬೇಕು. ಸಾರು ನೀರಾದಾಗ ಅಡುಗೆಯವರನ್ನು ಬೈಯುವುದು ಸುಲಭ. ಆದರೆ ಆ ನೀರು ಸೇರಿಕೊಂಡದ್ದು ಬಿಲ್ಲು ತಡವಾದ ಕಡೆ. ಸ್ಥಳೀಯ ಖರೀದಿಗೆ ಹೊಸ ಯೋಜನೆ ಘೋಷಿಸುವ ಮೊದಲು, ತಿಂಗಳ ಬಿಲ್ಲನ್ನು ಆ ತಿಂಗಳೇ ಕೊಟ್ಟರೆ ಅರ್ಧ ಕೆಲಸ ಆದಂತೆ. ಒಂದು ತಿಂಗಳ ಹಣವನ್ನು ಮುಂಗಡವಾಗಿ ಕೊಟ್ಟರೆ ಇನ್ನೂ ಒಳ್ಳೆಯದು.

ಗಡಿಯಲ್ಲಿ ನಿಲ್ಲುವ ರಾಗಿ

ರಾಗಿಯ ಕಥೆಗೆ ಗಡಿಯ ತೊಡಕೂ ಇದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಈ ಕಡೆ ಬಂತು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ಮರುವಿಂಗಡಣೆಯಾದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗೆರೆ ಎಷ್ಟು ಸಲ ಬದಲಾದರೂ ಮಡಕಶಿರಾದ ಹೊಲ ಮತ್ತು ಪಾವಗಡ, ಶಿರಾದ ಹೊಲ ಒಂದೇ ಮಳೆಗೆ ಕಾಯುತ್ತವೆ, ಒಂದೇ ಬೆಳೆ ಬೆಳೆಯುತ್ತವೆ.

ರಾಗಿಯ ಬೆಂಬಲ ಬೆಲೆಯೂ ದೇಶಕ್ಕೆಲ್ಲ ಒಂದೇ. 2025-26ಕ್ಕೆ ಅದು ಕ್ವಿಂಟಲ್‌ಗೆ 4,886 ರೂಪಾಯಿ. ಆದರೆ ಆ ಬೆಲೆ ಕೊಟ್ಟು ಕೊಳ್ಳುವ ಕೇಂದ್ರ ರಾಜ್ಯದ್ದು. ಕರ್ನಾಟಕ ತನ್ನ ದಕ್ಷಿಣದ ಜಿಲ್ಲೆಗಳಲ್ಲಿ ಬೆಂಬಲ ಬೆಲೆಗೆ ರಾಗಿ ಕೊಂಡು ಪಡಿತರದಲ್ಲಿ ಹಂಚುತ್ತದೆ. ಅಲ್ಲಿ ಮಾರಲು ‘ಫ್ರೂಟ್ಸ್’ ನೋಂದಣಿ ಬೇಕು, ಅದಕ್ಕೆ ಕರ್ನಾಟಕದ ಪಹಣಿ ಬೇಕು. ನಿಮ್ಮ ಜಮೀನು ಆಂಧ್ರದಲ್ಲಿದ್ದರೆ, ನಿಮ್ಮ ಬೆಳೆಯ ದಾಖಲೆ ಇರುವುದು ಇಲ್ಲಿನ ಇ-ಕ್ರಾಪ್‌ನಲ್ಲಿ. ಗೆರೆಯಾಚೆಯ ಕೇಂದ್ರ ಎಷ್ಟೇ ಹತ್ತಿರವಿರಲಿ, ಅದು ನಿಮ್ಮದಲ್ಲ. ಕೊನೆಗೆ ದಲ್ಲಾಳಿ ಹೇಳಿದ್ದೇ ಬೆಲೆ.

ಆದ್ದರಿಂದ ಬೇಡಿಕೆಯನ್ನು ಆಂಧ್ರ ಸರ್ಕಾರದ ಮುಂದೆಯೇ ಇಡಬೇಕು. ತನ್ನ ಶಾಲೆಗಳಿಗೆ ರಾಗಿ ಬೇಕೇ ಬೇಕು ಎಂದು ಒಪ್ಪಿಕೊಂಡಿರುವ ಸರ್ಕಾರ, ರಾಗಿ ಬೆಳೆಯುವ ಮಂಡಲಗಳಲ್ಲಿ ಸುಗ್ಗಿಯ ಕಾಲಕ್ಕೆ ಖರೀದಿ ಕೇಂದ್ರ ತೆರೆದು, ಅಲ್ಲೇ ಬೀಸಿಸಿ, ಆ ಮಂಡಲದ ಶಾಲೆಗಳಿಗೆ ಕೊಡುವುದಕ್ಕೆ ಏನು ಕಷ್ಟ? ಗಂಜಿಗೆ ಮಗುವಿಗೆ 10 ಗ್ರಾಂ ಹಿಟ್ಟು ಎಂದು ಲೆಕ್ಕ ಹಿಡಿದರೂ, 100 ಮಕ್ಕಳ ಶಾಲೆಗೆ ವಾರಕ್ಕೆ 3 ಕಿಲೋ, ವರ್ಷಕ್ಕೆ ಒಂದು ಕ್ವಿಂಟಲ್ ಆಸುಪಾಸು ಸಾಕು. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣಾಂಶ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಬೆಳೆಯುವ ಮೂಳೆಗೆ ಯಾವುದು ಬೇಕೆಂದು ನಿಮ್ಮ ಅಜ್ಜಿಯರಿಗೆ ಗೊತ್ತಿತ್ತು.

ಮಾಡಿದವರು ಇದ್ದಾರೆ

ಕರ್ನಾಟಕದಲ್ಲಿ 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾಯಿತು. ಸರ್ಕಾರ ಕರ್ನಾಟಕ ಹಾಲು ಮಹಾಮಂಡಳದಿಂದ ಹಾಲಿನ ಪುಡಿ ಕೊಂಡು ಶಾಲೆಯ ಮಗುವಿಗೆ 150 ಮಿಲಿಲೀಟರ್ ಹಾಲು ಕೊಟ್ಟಿತು. ಮಗುವಿಗೆ ಹಾಲು ಸಿಕ್ಕಿತು, ಹಳ್ಳಿಯ ಡೇರಿಗೆ ಹಾಲು ಹಾಕುವವರಿಗೆ ಖಚಿತ ಗಿರಾಕಿ ಸಿಕ್ಕಿತು. ಇದು ಸಾಧ್ಯವಾದದ್ದು ಹಳ್ಳಿ ಹಳ್ಳಿಯಲ್ಲಿ ಸಹಕಾರ ಸಂಘ ಮೊದಲೇ ಇದ್ದದ್ದರಿಂದ. 2024ರ ಫೆಬ್ರವರಿಯಿಂದ ಅದೇ ಹಾಲಿಗೆ ರಾಗಿಯ ಮಿಶ್ರಣವೂ ಸೇರಿತು.

ಒಡಿಶಾ 2017ರಲ್ಲಿ ಸಿರಿಧಾನ್ಯ ಮಿಷನ್ ಆರಂಭಿಸಿ, ಬುಡಕಟ್ಟು ರೈತರಿಂದ ಬೆಂಬಲ ಬೆಲೆಗೆ ರಾಗಿ ಕೊಂಡು ಪಡಿತರಕ್ಕೆ ಕೊಟ್ಟಿತು. ಕೆಂದುಝರ್ ಜಿಲ್ಲೆಯ ಅಂಗನವಾಡಿಗಳಲ್ಲಿ ರಾಗಿ ಲಾಡು ಕೊಟ್ಟಿತು. ಬ್ರೆಜಿಲ್ ದೇಶ 2009ರಲ್ಲಿ ಕಾನೂನನ್ನೇ ಮಾಡಿ, ಶಾಲೆಯ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ ಶೇ 30ರಷ್ಟನ್ನು ಸಣ್ಣ ರೈತ ಕುಟುಂಬಗಳಿಂದ ನೇರವಾಗಿ ಕೊಳ್ಳಲು ಬಳಸಬೇಕು ಎಂದಿತು. ಒಡಿಶಾ ಮತ್ತು ಬ್ರೆಜಿಲ್ ಎರಡೂ ಕಡೆ ‘ಸ್ಥಳೀಯ’ ಎಂಬುದು ಸಲಹೆಯಾಗಿ ಉಳಿಯಲಿಲ್ಲ. ಯಾರು ಕೊಳ್ಳಬೇಕು, ಯಾರಿಂದ ಕೊಳ್ಳಬೇಕು ಎಂಬುದು ಗೊತ್ತಾಗಿತ್ತು. ನಮ್ಮಲ್ಲಿ ಇನ್ನೂ ಗೊತ್ತಾಗಬೇಕಿರುವುದು ಅದೇ.

ಎದುರು ಮಾತುಗಳೂ ಇವೆ

ದೊಡ್ಡ ಟೆಂಡರ್‌ನ ಪರವಾಗಿ ಹೇಳುವುದನ್ನು ತಳ್ಳಿಹಾಕುವಂತಿಲ್ಲ. ಒಟ್ಟಿಗೆ ಕೊಂಡರೆ ಬೆಲೆ ಇಳಿಯುತ್ತದೆ, ಒಂದೇ ಕಡೆ ಪರೀಕ್ಷೆ ಮಾಡಬಹುದು, ಲೆಕ್ಕಪತ್ರ ಸುಲಭ. ನಮ್ಮ ಕಡಲೆಕಾಯಿಗೆ ಬೂಷ್ಟಿನ ಸಮಸ್ಯೆಯೂ ಇದೆ. ಕಾಯಿ ಬಲಿಯುವಾಗ ಮಳೆ ಕೈಕೊಟ್ಟರೆ, ಕಿತ್ತ ಮೇಲೆ ಸರಿಯಾಗಿ ಒಣಗದಿದ್ದರೆ ಬೀಜದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಸೇರುತ್ತದೆ. ಊರಿನದು ಎಂಬ ಒಂದೇ ಕಾರಣಕ್ಕೆ ಯಾವ ಚಿಕ್ಕಿಯನ್ನೂ ಮಕ್ಕಳಿಗೆ ಕೊಡಬಾರದು. ಮಹಿಳಾ ಸಂಘ ಚಿಕ್ಕಿ ಮಾಡುವುದಾದರೆ ಆಹಾರ ಸುರಕ್ಷತೆಯ ನೋಂದಣಿ, ಬೀಜ ಆರಿಸುವ ವ್ಯವಸ್ಥೆ, ಪ್ರಯೋಗಾಲಯದ ಪರೀಕ್ಷೆ ಇರಲೇಬೇಕು.

ಮಳೆಯ ಮಾತೂ ಇದೆ. ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಮಳೆಯ ಸೀಮೆಯಲ್ಲಿ ವರ್ಷವಿಡೀ ತರಕಾರಿ ಕೊಡುತ್ತೇನೆಂದು ಯಾರೂ ಬರೆದುಕೊಡಲಾರರು. ಮೇಲ್ಮಟ್ಟದ ಕಾಲುವೆ ನೀರು ಕಾಣುವ ಕಣೇಕಲ್, ಬೊಮ್ಮನಹಾಳ್ ಬೇರೆ, ಬೋರ್‌ವೆಲ್ ನಂಬಿದ ಅಮರಾಪುರ, ಗುಡಿಬಂಡೆ ಬೇರೆ. ಆದ್ದರಿಂದ ಸ್ಥಳೀಯ ಬೆಳೆಗೆ ಮೊದಲ ಅವಕಾಶ, ಸಿಗದಾಗ ಸಂತೆಯಿಂದ ಎಂಬ ನಿಯಮವೇ ವ್ಯವಹಾರಕ್ಕೆ ಒಗ್ಗುತ್ತದೆ.

ಇನ್ನೊಂದು ಬೆಳವಣಿಗೆಯ ಮೇಲೆ ಕಣ್ಣಿಡಿ. ಕಡಪ ಜಿಲ್ಲೆಯಲ್ಲಿ ಹಲವು ಶಾಲೆಗಳಿಗೆ ಒಂದೇ ಕಡೆ ಅಡುಗೆ ಮಾಡುವ ‘ಸ್ಮಾರ್ಟ್ ಕಿಚನ್’ ಬಂದಿದೆ. ಶುಚಿತ್ವದ ದೃಷ್ಟಿಯಿಂದ ಅದಕ್ಕೆ ಗುಣವಿದೆ. ಆದರೆ ಒಲೆ ಊರು ಬಿಟ್ಟರೆ ಬೇಳೆ, ತರಕಾರಿ ಕೊಳ್ಳುವ ಕೈಯೂ ಊರು ಬಿಡುತ್ತದೆ. ಅಂಥ ಅಡುಗೆಮನೆ ಈ ಭಾಗಕ್ಕೆ ಬರುವುದಾದರೆ, ಅದು ಯಾರಿಂದ ಕೊಳ್ಳಬೇಕು ಎಂಬುದು ಮೊದಲೇ ಬರಹದಲ್ಲಿ ಇರಬೇಕು.

ಸಮಿತಿಯಲ್ಲಿ ನಿಮ್ಮ ಮಾತು

ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. 2015ರ ಬಿಸಿಯೂಟ ನಿಯಮಗಳು ಊಟದ ಉಸ್ತುವಾರಿಯನ್ನು ಈ ಸಮಿತಿಗೇ ಒಪ್ಪಿಸಿವೆ. ಸಮಿತಿಯ ಸಭೆ, ಪೋಷಕ-ಶಿಕ್ಷಕರ ಸಭೆಗಳಲ್ಲಿ ಅಂಕಪಟ್ಟಿಯ ಮಾತಿನ ಜೊತೆ ಈ ನಾಲ್ಕು ವಿಷಯವನ್ನೂ ಎತ್ತಿ.

ಒಂದು, ಅಡುಗೆ ಬಿಲ್ಲು ಯಾವ ತಿಂಗಳವರೆಗೆ ಪಾವತಿಯಾಗಿದೆ ಎಂದು ಪ್ರತಿ ಸಭೆಯಲ್ಲೂ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಬಾಕಿ ಇದ್ದರೆ ಸಮಿತಿಯ ಹೆಸರಿನಲ್ಲಿ ಮಂಡಲ ಶಿಕ್ಷಣಾಧಿಕಾರಿಗೆ ಪತ್ರ ಹೋಗಲಿ. ಅಡುಗೆಯವರು ಒಬ್ಬರೇ ಕೇಳಿದರೆ ಕೆಲಸ ಹೋಗುವ ಭಯವಿರುತ್ತದೆ, ಸಮಿತಿ ಕೇಳಿದರೆ ಆ ಭಯವಿಲ್ಲ.

ಎರಡು, ಬರುವ ತಿಂಗಳಿಗೆ ಎಷ್ಟು ಬೇಳೆ, ಯಾವ ತರಕಾರಿ ಬೇಕು ಎಂಬ ಪಟ್ಟಿ ಶಾಲೆಯ ಗೋಡೆಯ ಮೇಲೆ ಕನ್ನಡದಲ್ಲೂ ಇರಲಿ. ಕನ್ನಡ ಶಾಲೆಗೆ ಮಗುವನ್ನು ಕಳಿಸುವ ತಾಯಿ ಓದಲಾಗದ ಫಲಕದಿಂದ ಯಾರಿಗೂ ಉಪಯೋಗವಿಲ್ಲ.

ಮೂರು, ಊರಿನ ಸಂಘ ಅಥವಾ ರೈತ ಕೊಡಲು ಮುಂದೆ ಬಂದರೆ ಆ ವಾರದ ಸಂತೆಯ ಬೆಲೆಗೆ ಅವರಿಂದಲೇ ಕೊಳ್ಳುವುದೆಂದು ನಿರ್ಣಯ ಮಾಡಿ. ಸಮಿತಿಯ ಸದಸ್ಯರೇ ಮಾರುವವರಾದರೆ ಬೆಲೆ ಗೊತ್ತುಮಾಡುವಾಗ ಅವರು ಹೊರಗಿರಲಿ. ಇಲ್ಲದಿದ್ದರೆ ಒಳ್ಳೆಯ ಕೆಲಸಕ್ಕೂ ಕೆಟ್ಟ ಹೆಸರು ಬರುತ್ತದೆ.

ನಾಲ್ಕು, ರಾಗಿ ಮತ್ತು ಚಿಕ್ಕಿಯ ಟೆಂಡರ್‌ನ್ನು ಮಂಡಲ ಮಟ್ಟದ ಸಣ್ಣ ಗಂಟುಗಳಾಗಿ ಒಡೆದು, ಮಹಿಳಾ ಸಂಘಗಳ ಮಂಡಲ ಸಮಾಖ್ಯಗಳೂ ಭಾಗವಹಿಸುವಂತೆ ಮಾಡಬೇಕೆಂದು ಶಾಸಕರನ್ನು ಕೇಳಿ. ಮೆನುವನ್ನು ಪ್ರದೇಶಕ್ಕೆ ತಕ್ಕಂತೆ ಬದಲಿಸಲು 2025ರಲ್ಲಿ ಸರ್ಕಾರ ಮನಸ್ಸು ಮಾಡಿದೆ. ಊಟದ ರುಚಿ ಆಯಾ ಸೀಮೆಯದ್ದಾಗಬಹುದಾದರೆ, ಅದರ ಕಾಳೂ ಆಗಬಹುದು.

ಮೊದಲ ಎರಡಕ್ಕೆ ಯಾವ ಹೊಸ ಆದೇಶವೂ ಬೇಕಿಲ್ಲ. ಮುಂದಿನ ಸಭೆಯ ದಿನ ಗೊತ್ತಾದಾಗ ಅಡುಗೆ ಮಾಡುವ ಅಕ್ಕನನ್ನು ಮೊದಲೇ ಮಾತಾಡಿಸಿ, ಎಷ್ಟು ತಿಂಗಳ ಬಾಕಿ ಇದೆ ಎಂದು ಕೇಳಿಕೊಂಡು ಹೋಗಿ.